ದತ್ತಾಂಶವನ್ನು ಕೊಟ್ಟವರಾರು?

ಜೆಪ್ಪುವಿನ ಹಂಚಿನ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷಗಳಿಗೂ ಮಿಕ್ಕಿ ದುಡಿದ ವೃದ್ಧೆಯೊಬ್ಬರು ನಮ್ಮ ಮನೆಯಿಂದ ಕೂಗಳತೆಯ ದೂರದಲ್ಲಿದ್ದಾರೆ. ಕಾರ್ಖಾನೆಯ ಹೆಂಗಸರು ತಮ್ಮತಮ್ಮಲ್ಲೇ ಬಳಸುತ್ತಿದ್ದ ಕೆಲಸದ ಮಾತುಗಳನ್ನು ಸಂಗ್ರಹಿಸುವ ಉದ್ದೇಶದಿಂದ ಕಳೆದ ಮಳೆಗಾಲದ ಕೆಲವು ಭಾನುವಾರಗಳಂದು ಅವರ ಜಗಲಿಯಲ್ಲಿ ಹೋಗಿ ಕುಳಿತಿದ್ದೆ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದ್ದು ಇದೇ ಜೆಪ್ಪುವಿನಲ್ಲಿ. ಆ ಉದ್ಯಮದ ಬಗೆಗೆ ಬರವಣಿಗೆ ಸಾಕಷ್ಟಿದೆ. ಆದರೆ ಅದರಲ್ಲಿ ಹಂಚಿನ ಮೇಲೆ ಒತ್ತಿದ ಮುದ್ರೆಗೆ ದೊರೆತ ಗಮನ ಆವೆಮಣ್ಣು ಹೊತ್ತ ತಲೆಗಳಿಗೆ ದೊರೆತಿಲ್ಲ ಎಂಬುದು ನನ್ನ ಬಹುಕಾಲದ ಅಸಮಾಧಾನ.

ಮೂರನೆಯ ಭಾನುವಾರ ಅವರು ಶಬ್ದಗಳನ್ನು ಬಿಟ್ಟು ಒಂದು ಘಟನೆಯನ್ನು ಹೇಳತೊಡಗಿದರು. ಅದೇನೆಂದು ಇಲ್ಲಿ ಬರೆಯಲಾರೆ. ನಲವತ್ತು ನಿಮಿಷಗಳ ಕಾಲ ಹೇಳಿದರು. ನನ್ನ ಫೋನು ಅವರ ಎದುರೇ, ಎಲೆಯಡಿಕೆಯ ತಟ್ಟೆಯ ಪಕ್ಕದಲ್ಲಿ, ಮುದ್ರಿಸಿಕೊಳ್ಳುತ್ತ ಇತ್ತು. ಮುಗಿದ ಮೇಲೆ ಅದರತ್ತ ಕೈ ತೋರಿಸಿ, "ಇದು ನಿಮ್ಮಲ್ಲೇ ಇರಲಿ ಮಾಷ್ಟ್ರೆ. ಬೇರೆ ಯಾರ ಕಿವಿಗೂ ಬೇಡ" ಎಂದರು. "ಇಲ್ಲ ಅಮ್ಮ, ನನ್ನಲ್ಲೇ ಇರುತ್ತದೆ" ಎಂದೆ. ಆ ಮಾತನ್ನು ಆಡುವಾಗ ನನ್ನಲ್ಲಿ ಯಾವ ಕಪಟವೂ ಇರಲಿಲ್ಲ.

ಎರಡು ವಾರಗಳ ಬಳಿಕ, ರಜೆಗೆ ಬಂದಿದ್ದ ಅಕ್ಕನ ಮಗ ಮನೆಯವರೆಲ್ಲ ಬಳಸುವ ಟ್ಯಾಬನ್ನು ಕೈಯಲ್ಲಿ ಹಿಡಿದು ಬಂದು, "ಮಾವ, ಇದು ಯಾರ ಸ್ವರ?" ಎಂದು ಕೇಳಿದ. ಪೂರ್ತಿ ಕೇಳಿಸಿಕೊಂಡಿದ್ದ. ಅಳಿಯಸಂತಾನದ ನಾಡಿನವರಾದ ನಮ್ಮಲ್ಲಿ ಮಾವನ ಆಸ್ತಿ ಅಳಿಯನಿಗೆ ಸಲ್ಲುವುದು ಹೊಸತಲ್ಲ. ಆದರೆ ಮಾವ ಕೇಳಿಸಿಕೊಂಡ ಗುಟ್ಟೂ ಅವನಿಗೆ ಸಲ್ಲಬೇಕೆಂದು ಯಾವ ಕಟ್ಟಳೆಯೂ ಹೇಳಿಲ್ಲ. ವಿಚಾರಿಸಿದಾಗ ತಿಳಿದದ್ದು ಇಷ್ಟು. ಫೋನಿನ ಧ್ವನಿಮುದ್ರಿಕೆಗಳೆಲ್ಲ ತಾವಾಗಿಯೇ ದೂರದ ಯಾವುದೋ ಸಂಗ್ರಹಾಗಾರಕ್ಕೆ ನಕಲಾಗುತ್ತಿದ್ದವು. ಅದೇ ಖಾತೆ ಟ್ಯಾಬಿನಲ್ಲಿಯೂ ತೆರೆದಿತ್ತು. ಯಾರೂ ಕದ್ದಿರಲಿಲ್ಲ, ಯಾವ ನಿಯಮವೂ ಮುರಿದಿರಲಿಲ್ಲ. ಫೋನು ಕೊಂಡ ದಿನ ಅದು ಅನುಮತಿ ಕೇಳಿತ್ತು, ನಾನು ಕೊಟ್ಟಿದ್ದೆ. ಕೊಟ್ಟದ್ದನ್ನು ಮರೆತಿದ್ದೆ. ಆ ಮರೆವಿನ ಮೇಲೆ ನಿಂತು ಒಬ್ಬ ಹೆಂಗಸಿಗೆ ಮಾತು ಕೊಟ್ಟಿದ್ದೆ.

ಈ ಪ್ರಸಂಗ ನಡೆದಂದಿನಿಂದ 'ದತ್ತಾಂಶ' ಎಂಬ ಪದ ನನ್ನನ್ನು ಕಾಡುತ್ತಿದೆ. ಇಂಗ್ಲಿಷಿನ 'ಡೇಟಾ'ಕ್ಕೆ ನಾವು ರೂಢಿಸಿಕೊಂಡಿರುವ ಪದವಿದು: ದತ್ತ, ಅಂಶ, ಕೊಡಲ್ಪಟ್ಟ ಭಾಗ. ಪದವನ್ನು ಟಂಕಿಸಿದವರು ಮೂಲಕ್ಕೆ ನಿಷ್ಠರಾಗಿಯೇ ಇದ್ದರು. ಲ್ಯಾಟಿನ್ನಿನಲ್ಲಿಯೂ ಆ ಪದಕ್ಕೆ ಕೊಟ್ಟದ್ದು ಎಂದೇ ಅರ್ಥ. ಯೂಕ್ಲಿಡನ ಒಂದು ಕೃತಿಯ ಹೆಸರೂ ಇದೇ ಅರ್ಥದ್ದು. ರೇಖಾಗಣಿತದಲ್ಲಿ 'ಕೊಟ್ಟದ್ದು' ಎಂದರೆ ಲೆಕ್ಕ ಬಿಡಿಸಲು ಮೊದಲೇ ಒಪ್ಪಿಕೊಂಡ ಸಂಗತಿ. ತ್ರಿಕೋನದ ಎರಡು ಭುಜಗಳನ್ನು ಕೊಟ್ಟಿದೆ ಎಂದಾಗ ಯಾರು ಕೊಟ್ಟರು ಎಂದು ಯಾರೂ ಕೇಳುವುದಿಲ್ಲ. ಕೇಳಬೇಕಾಗಿಯೂ ಇಲ್ಲ. ಈ ಗಣಿತದ ಪದ ಫೋನಿಗೆ ಬಂದು ಕುಳಿತಾಗ ಮಾತ್ರ, ಕೊಟ್ಟವರಾರು ಎಂಬ ಪ್ರಶ್ನೆಯನ್ನು ಕೇಳದಿರುವ ಅಭ್ಯಾಸವೂ ಜೊತೆಯಲ್ಲಿಯೇ ಬಂದಿತು. ಜೆಪ್ಪುವಿನ ಆ ವೃದ್ಧೆಯ ನಲವತ್ತು ನಿಮಿಷಗಳ ಮಾತು ಇಂದಿನ ಪರಿಭಾಷೆಯಲ್ಲಿ ದತ್ತಾಂಶ. ಆದರೆ ದತ್ತ ಯಾರಿಂದ, ಯಾರಿಗೆ? ಅವರು ಕೊಟ್ಟದ್ದು ನನಗೆ. ಸಂಗ್ರಹಾಗಾರಕ್ಕೆ ಕೊಟ್ಟವನು ನಾನು, ಅದು ನನ್ನದಲ್ಲದ್ದು.

ಕೊಡದುದನ್ನು ತೆಗೆದುಕೊಳ್ಳುವುದಕ್ಕೆ ನಮ್ಮ ಪ್ರಾಚೀನ ಆಚಾರಶಾಸ್ತ್ರಗಳಲ್ಲಿ ಒಂದು ಹೆಸರಿದೆ: ಅದತ್ತಾದಾನ. ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಕಳವನ್ನು ನಿರೂಪಿಸುವುದು ಈ ಪದದಿಂದಲೇ. ಕನ್ನ ಕೊರೆಯುವುದು, ಬೀಗ ಮುರಿಯುವುದು ಇತ್ಯಾದಿ ಯಾವ ವಿವರವೂ ಅಲ್ಲಿಲ್ಲ. ವಸ್ತುವಿನ ಬೆಲೆಯ ಪ್ರಸ್ತಾಪವೂ ಇಲ್ಲ. ಕೊಟ್ಟಿದ್ದಾರೆಯೇ ಇಲ್ಲವೇ ಎಂಬುದೊಂದೇ ಪ್ರಶ್ನೆ. ಈ ಮಟ್ಟಿಗೆ ಸಾಮಾನ್ಯ ವಿದ್ಯಾರ್ಥಿಗಳೂ ಬಲ್ಲರು. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಅದೇ ಅಧ್ಯಾಯದಲ್ಲಿ ಸತ್ಯವ್ರತಕ್ಕೆ ಹೇಳಿರುವ ಐದು ಅತಿಚಾರಗಳು. ಕಳವಿನ ಪ್ರಕರಣದಲ್ಲಿ ಬರಬಹುದೆಂದು ನಾವು ನಿರೀಕ್ಷಿಸುವ ಮೂರು ದೋಷಗಳು ಅಲ್ಲಿ ಸುಳ್ಳಿನ ಪ್ರಕರಣದಲ್ಲಿವೆ.

ಮೊದಲನೆಯದು ರಹೋಭ್ಯಾಖ್ಯಾನ. ಏಕಾಂತದಲ್ಲಿ ನಡೆದುದನ್ನು ಹೊರಗೆಡಹುವುದು ಇದರ ಅರ್ಥ. ಹೊರಗೆಡಹಿದ ಸಂಗತಿ ನಿಜವೇ ಆಗಿರಬಹುದು, ಆದರೂ ಅದು ಸತ್ಯವ್ರತಕ್ಕೆ ಭಂಗ. ಎರಡನೆಯದು ನ್ಯಾಸಾಪಹಾರ. ನ್ಯಾಸವೆಂದರೆ ನಂಬಿ ಒಪ್ಪಿಸಿದ ಇಡುಗಂಟು. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರು ಇದಕ್ಕೆ ಕೊಟ್ಟಿರುವ ವಿವರಣೆ ಬಹಳ ಸೂಕ್ಷ್ಮವಾದುದು. ಇಟ್ಟವನು ತಾನು ಎಷ್ಟು ಇಟ್ಟೆನೆಂಬುದನ್ನು ಮರೆತು ಕಡಿಮೆ ಮೊತ್ತವನ್ನು ಕೇಳುತ್ತಾನೆ. ಇರಿಸಿಕೊಂಡವನು 'ಹೌದು, ಅಷ್ಟೇ' ಎಂದು ಒಪ್ಪಿ ಅಷ್ಟನ್ನೇ ಹಿಂದಿರುಗಿಸುತ್ತಾನೆ. ಕಸಿದುಕೊಂಡದ್ದಿಲ್ಲ, ಹೆಚ್ಚು ಮಾತನಾಡಿದ್ದೂ ಇಲ್ಲ. ಇನ್ನೊಬ್ಬನ ಮರೆವಿಗೆ ತಲೆಯಾಡಿಸಿದ್ದಷ್ಟೇ. ನನ್ನ ಫೋನಿನ ಪ್ರಸಂಗವನ್ನು ಇದಕ್ಕಿಂತ ನಿಖರವಾಗಿ ವಿವರಿಸುವ ಆಧುನಿಕ ಗ್ರಂಥ ನನಗೆ ಸಿಕ್ಕಿಲ್ಲ. ಎಂದೋ ಒತ್ತಿದ ಒಂದು ಒಪ್ಪಿಗೆಯನ್ನು ಬಳಸುವವನು ಮರೆಯುತ್ತಾನೆ. ಮರೆತಿದ್ದಾನೆಂದು ತಿಳಿದಿರುವ ವ್ಯವಸ್ಥೆ ಅದನ್ನು ನೆನಪಿಸದೆ ಸುಮ್ಮನಿರುತ್ತದೆ. ಆ ಮೌನದಲ್ಲೇ ಅದರ ಲಾಭವಿದೆ.

ಮೂರನೆಯದು ಸಾಕಾರಮಂತ್ರಭೇದ. ಮಾತಿನ ಸಂದರ್ಭ, ಅಂಗಚೇಷ್ಟೆ, ಹುಬ್ಬಿನ ಚಲನೆ ಇವುಗಳಿಂದ ಇನ್ನೊಬ್ಬನ ಮನಸ್ಸಿನಲ್ಲಿರುವುದನ್ನು ಊಹಿಸಿ, ಅದನ್ನು ಬೇರೆಯವರಿಗೆ ತಿಳಿಸುವುದು. ಔಷಧದ ಹೆಸರೊಂದನ್ನು ಹುಡುಕಿದವನಿಗೆ ಮರುದಿನದಿಂದ ಆಸ್ಪತ್ರೆಗಳ ಜಾಹೀರಾತುಗಳು ಕಾಣಿಸತೊಡಗುವುದು ಇಂದು ಯಾರಿಗೂ ಅಚ್ಚರಿಯಲ್ಲ. ಅವನು ಯಾರಿಗೂ ಏನೂ ಹೇಳಿರುವುದಿಲ್ಲ. ಬೆರಳು ಎಲ್ಲಿ ನಿಂತಿತು, ಎಷ್ಟು ಹೊತ್ತು ನಿಂತಿತು ಎಂಬುದರಿಂದ ಅವನ ಮನಸ್ಸನ್ನು ಓದಿಯಾಗಿರುತ್ತದೆ. ಊಹೆಯಿಂದ ತಿಳಿದುದನ್ನು ದತ್ತವೆನ್ನಲು ಬರುವುದಿಲ್ಲ. ಅದನ್ನು ಕೊಡುವುದಿರಲಿ, ತನ್ನಲ್ಲಿ ಅದು ಇದೆಯೆಂಬುದೇ ಎಷ್ಟೋ ಸಲ ಅವನಿಗೆ ಗೊತ್ತಿರುವುದಿಲ್ಲ.

ಹಳೆಯ ಗ್ರಂಥಗಳಲ್ಲಿ ಎಲ್ಲವೂ ಇತ್ತು ಎಂದು ಸಾಧಿಸುವ ಹಂಬಲ ನನಗಿಲ್ಲ. ಅಂಥ ಬರಹಗಳನ್ನು ಓದಿ ದಣಿದವನು ನಾನು. ಉಮಾಸ್ವಾತಿಗೆ ಫೋನು ಗೊತ್ತಿರಲಿಲ್ಲ. ಗೊತ್ತಿದ್ದದ್ದು ಮನುಷ್ಯ ಮನುಷ್ಯನಲ್ಲಿ ಏನನ್ನು ಒಪ್ಪಿಸಿಡುತ್ತಾನೆ ಮತ್ತು ಒಪ್ಪಿಸಿಕೊಂಡವನು ಹೇಗೆ ಜಾರಿಕೊಳ್ಳುತ್ತಾನೆ ಎಂಬುದು. ಈ ಜಾರಿಕೆಯನ್ನು ಕಳವೆನ್ನದೆ ಸುಳ್ಳೆಂದು ವರ್ಗೀಕರಿಸಿದ್ದರಲ್ಲಿ ಒಂದು ಒಳನೋಟವಿದೆ. ಕಳವಿನಲ್ಲಿ ಹೋಗುವುದು ವಸ್ತು. ಇಲ್ಲಿ ಹೋದದ್ದು ಮಾತಿನ ಬೆಲೆ. ಟ್ಯಾಬಿನಿಂದ ಆ ಮುದ್ರಿಕೆಯನ್ನು ಅಳಿಸಬಲ್ಲೆ. 'ನನ್ನಲ್ಲೇ ಇರುತ್ತದೆ' ಎಂಬ ನನ್ನ ಮಾತು ಸುಳ್ಳಾದುದನ್ನು ಅಳಿಸಲಾರೆ.

'ಬೇಡವೆಂದರೆ ಒಪ್ಪಬೇಡಿ, ಆಯ್ಕೆ ನಿಮ್ಮದೇ' ಎಂಬುದು ಇದಕ್ಕೆ ಸಾಮಾನ್ಯವಾಗಿ ಬರುವ ಉತ್ತರ. ಈ ಆಯ್ಕೆಯ ಸ್ವರೂಪವನ್ನು ಕನ್ನಡದವರಾದ ನಾವು ದಿನವೂ ಮುಟ್ಟುವ ಒಂದು ಸಾಧನದಲ್ಲಿಯೇ ನೋಡಬಹುದು. ಆ ಸಾಧನ ಕೀಲಿಮಣೆ.

ಆಂಡ್ರಾಯ್ಡ್ ಫೋನಿನಲ್ಲಿ ಹೊರಗಿನಿಂದ ತಂದ ಕನ್ನಡ ಕೀಲಿಮಣೆಯೊಂದನ್ನು ಜಾರಿಗೊಳಿಸುವಾಗ ಪರದೆಯ ಮೇಲೆ ಒಂದು ಎಚ್ಚರಿಕೆ ಮೂಡುತ್ತದೆ: ನೀವು ಬರೆಯುವ ಎಲ್ಲವನ್ನೂ, ಗುಪ್ತಪದ ಮತ್ತು ಕ್ರೆಡಿಟ್ ಕಾರ್ಡಿನ ಸಂಖ್ಯೆಗಳ ಸಹಿತ, ಈ ಸಾಧನ ಸಂಗ್ರಹಿಸಬಹುದು ಎಂಬರ್ಥದ್ದು. ಎಚ್ಚರಿಕೆ ಪ್ರಾಮಾಣಿಕವಾದುದೇ. ಬೆರಳಿಗೂ ಬರಹಕ್ಕೂ ನಡುವೆ ಕುಳಿತ ಕೀಲಿಮಣೆಯ ಕಣ್ಣಿಗೆ ಬೀಳದ ಅಕ್ಷರವಿಲ್ಲ. ಮೊನ್ನೆ ತರಗತಿಯಲ್ಲಿ ಇದನ್ನು ಓದಿದವರು ಯಾರಾದರೂ ಇದ್ದೀರಾ ಎಂದು ಕೇಳಿದೆ. ಒಬ್ಬಳ ಕೈ ಮೇಲೆ ಹೋಯಿತು. "ಓದಿದೆ ಸರ್, ಓದಿಯೇ ಒತ್ತಿದೆ. ಒತ್ತದಿದ್ದರೆ ಕನ್ನಡ ಬರುವುದಿಲ್ಲವಲ್ಲ" ಎಂದಳು. ಉಳಿದವರು ನಕ್ಕರು. ನನಗೆ ನಗು ಬರಲಿಲ್ಲ. ಇಂಗ್ಲಿಷಿನಲ್ಲಿ ಬರೆಯುವವನಿಗೆ ಫೋನಿನೊಂದಿಗೇ ಬಂದ ಕೀಲಿಮಣೆ ಸಾಕು. ತನಗೆ ರೂಢಿಯಾದ ವಿನ್ಯಾಸದಲ್ಲಿ ಕನ್ನಡ ಬರೆಯಬೇಕೆಂಬ ಹುಡುಗಿ ಎಷ್ಟೋ ವೇಳೆ ಮತ್ತೊಬ್ಬ ಅಪರಿಚಿತನನ್ನು ನಂಬಬೇಕಾಗುತ್ತದೆ. ತಾಯ್ನುಡಿಯನ್ನು ಒಂದು ಕೈಯಲ್ಲಿಯೂ ತನ್ನ ಖಾಸಗಿತನವನ್ನು ಇನ್ನೊಂದು ಕೈಯಲ್ಲಿಯೂ ಹಿಡಿದು, ಒಂದನ್ನು ಬಿಡು ಎಂದರೆ ಅದನ್ನು ಆಯ್ಕೆಯೆಂದು ಕರೆಯಲು ನನ್ನ ಮನಸ್ಸು ಒಪ್ಪದು.

ಈ ಭಯ ಕಾಲ್ಪನಿಕವಲ್ಲ. 2017ರ ಡಿಸೆಂಬರಿನಲ್ಲಿ 'ಎಐ.ಟೈಪ್' ಎಂಬ ಕೀಲಿಮಣೆಯನ್ನು ಬಳಸುತ್ತಿದ್ದ 3.1 ಕೋಟಿಗೂ ಹೆಚ್ಚು ಮಂದಿಯ ವಿವರಗಳು ಬಯಲಾದವು. ಅವನ್ನಿಟ್ಟಿದ್ದ ಸಂಗ್ರಹಕ್ಕೆ ಒಂದು ಗುಪ್ತಪದದ ಬಾಗಿಲೂ ಇರಲಿಲ್ಲ. ಬಯಲಾದುದರಲ್ಲಿ ಬಳಕೆದಾರರ ಹೆಸರು, ದೂರವಾಣಿ ಸಂಖ್ಯೆಗಳಷ್ಟೇ ಅಲ್ಲ, ಅವರ ಫೋನುಗಳಲ್ಲಿದ್ದ ಇತರರ ಹೆಸರು ಮತ್ತು ಸಂಖ್ಯೆಗಳೂ ಇದ್ದವು. ಈ ಇತರರು ಆ ಕೀಲಿಮಣೆಯ ಹೆಸರನ್ನೇ ಕೇಳದವರು. ಅವರ ಪರವಾಗಿ ಒಪ್ಪಿಗೆಯ ಗುಂಡಿಯನ್ನು ಒತ್ತಿದವರು ಅವರ ಗೆಳೆಯರು, ನೆಂಟರು, ಶಿಷ್ಯರು.

'ಮುಚ್ಚಿಡುವಂಥದ್ದು ನನ್ನಲ್ಲಿ ಏನಿದೆ?' ಎಂದು ಕೇಳುವವರಿಗೆ ನಾನು ಹೇಳುವುದೂ ಇದನ್ನೇ. ನಿಮ್ಮದೇನೂ ಇಲ್ಲದಿರಬಹುದು. ನಿಮ್ಮ ಫೋನಿನಲ್ಲಿರುವುದು ನಿಮ್ಮದಷ್ಟೇ ಅಲ್ಲ. ಸಂಶೋಧಕನ ಫೋನಿನಲ್ಲಂತೂ ಅವನದಕ್ಕಿಂತ ಪರರದೇ ಹೆಚ್ಚು: ಪಾಡ್ದನ ಹೇಳಿದವರ ಸ್ವರ, ಕಡತದ ಪುಟ ತೋರಿಸಿದ ಮನೆಯವರ ಮುಖ, ಜಮೀನಿನ ವ್ಯಾಜ್ಯದ ನಡುವೆ ಬಾಯ್ತಪ್ಪಿ ಬಂದ ಹೆಸರು. ಅವನು ಒಡೆಯನಲ್ಲ, ನ್ಯಾಸಧಾರಿ.

ಬೇರೆ ಬಗೆಯ ತಂತ್ರಜ್ಞಾನ ಸಾಧ್ಯವೇ ಇಲ್ಲವೆಂದೇನಲ್ಲ. ಅದಕ್ಕೆ ದೂರ ಹೋಗಬೇಕಾಗಿಯೂ ಇಲ್ಲ. ಮಂಗಳೂರಿನ ಸಮೀಪದ ಕಿನ್ನಿಕಂಬಳದವರಾದ ಕೆ. ಪಿ. ರಾವ್ ಅವರು ರೂಪಿಸಿದ ಧ್ವನ್ಯಾತ್ಮಕ ವಿನ್ಯಾಸವೇ ಕರ್ನಾಟಕ ಸರಕಾರ ಒಪ್ಪಿದ ಕೀಲಿಮಣೆಗೆ ಆಧಾರ. ಇಂಗ್ಲಿಷ್ ಅಕ್ಷರಗಳ ಅವೇ ಇಪ್ಪತ್ತಾರು ಕೀಲಿಗಳಲ್ಲಿ ಕನ್ನಡದ ವರ್ಣಮಾಲೆಯಷ್ಟನ್ನೂ ಅವರು ಹೊಂದಿಸಿದರು; ಒತ್ತಕ್ಷರಕ್ಕೆ ಕೊಂಡಿಯಾಗಿ 'ಎಫ್' ಕೀಲಿಯನ್ನು ಇಟ್ಟರು. ಅಲ್ಪಪ್ರಾಣದ ಕೀಲಿಯನ್ನೇ ಶಿಫ್ಟ್ ಹಿಡಿದು ಒತ್ತಿದರೆ ಮಹಾಪ್ರಾಣ. ವ್ಯಾಕರಣವನ್ನು ಬಲ್ಲ ಕೈ ಮಾತ್ರ ಮಾಡಬಹುದಾದ ಕೆಲಸವದು. ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ತಾವು ರೂಪಿಸಿದ ತಂತ್ರಾಂಶವನ್ನು ಅವರು ಮುಕ್ತವಾಗಿ ಹಂಚಿದರು. ಆ ವಿನ್ಯಾಸದಲ್ಲಿ ಬೆರಳಚ್ಚಿಸುವವನ ಗುಟ್ಟನ್ನು ಅದು ಕೇಳುವುದಿಲ್ಲ. ಕೇಳುವ ಅಗತ್ಯವೂ ಇಲ್ಲ. ಒಂದು ಕೀಲಿಗೆ ಒಂದು ಅಕ್ಷರವನ್ನು ಹೊಂದಿಸುವ ಕೋಷ್ಟಕಕ್ಕೆ ಅಂತರಜಾಲದ ಸಂಪರ್ಕವೇ ಬೇಡ. ಇಲ್ಲಿ ನಂಬಿಕೆ ನಿಂತಿರುವುದು ಮಾಡಿದವರ ಸಜ್ಜನಿಕೆಯ ಮೇಲೆ ಮಾತ್ರವಲ್ಲ, ಸಾಧನದ ರಚನೆಯ ಮೇಲೆಯೂ.

ಮುಂದಿನ ಪದವನ್ನು ಊಹಿಸಿ ಕೊಡುವ, ಮಾತನ್ನು ಅಕ್ಷರವಾಗಿಸುವ ಇಂದಿನ ಸಾಧನಗಳಿಗೆ ಅಷ್ಟು ಸರಳತೆ ಸಾಧ್ಯವಿಲ್ಲವೆಂಬುದನ್ನು ಒಪ್ಪುತ್ತೇನೆ. ಕನ್ನಡವನ್ನು ಯಂತ್ರ ಕಲಿಯಬೇಕಾದರೆ ಕನ್ನಡ ಬರಹ, ಕನ್ನಡ ಸ್ವರ ಅದಕ್ಕೆ ಬೇಕು. ಕೊಡದೆ ಕುಳಿತರೆ ಹಿಂದುಳಿಯುವುದು ನಮ್ಮದೇ ಭಾಷೆ. ಹಾಗಾಗಿ ಕೊಡಬಾರದೆಂಬುದು ನನ್ನ ವಾದವಲ್ಲ. ತತ್ತ್ವಾರ್ಥಸೂತ್ರವು ದಾನದ ಹಿರಿಮೆಯನ್ನು ನಾಲ್ಕರಿಂದ ಅಳೆಯುತ್ತದೆ: ವಿಧಿ, ದ್ರವ್ಯ, ದಾತೃ, ಪಾತ್ರ. ಹೇಗೆ ಕೊಟ್ಟದ್ದು, ಏನನ್ನು ಕೊಟ್ಟದ್ದು, ಕೊಟ್ಟವರಾರು, ಪಡೆದವರಾರು. 2016ರ ಆಗಸ್ಟಿನಲ್ಲಿ ತುಳು ವಿಕಿಪೀಡಿಯ ತೆರೆದುಕೊಂಡಿತು. ಅಲ್ಲಿ ಲೇಖನ ಬರೆದವರು ತಮ್ಮ ಬರಹ ಯಾವ ಷರತ್ತಿನಲ್ಲಿ ಎಲ್ಲರದಾಗುತ್ತದೆ ಎಂಬುದನ್ನು, ಪ್ರಕಟಿಸುವ ಗುಂಡಿಯ ಬಳಿಯಲ್ಲೇ, ಪ್ರತಿಸಲವೂ ಓದಬಹುದು. ಅದು ದತ್ತ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆಯ ಹೆಸರು ಬಲ್ಲವರಿಗೆ ಅಕ್ಷರವನ್ನು ಕೊಡುವುದರ ಬೆಲೆಯನ್ನು ಹೇಳಬೇಕಾಗಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಅದನ್ನು ಬೇರೆಯವರು ಎತ್ತುವ ಮೊದಲು ನಾನೇ ಎತ್ತುತ್ತೇನೆ. ಅನುಮತಿಯಿಲ್ಲದ ನಕಲು ಎಂದಿಗೂ ತಪ್ಪಾದರೆ, ನಾವು ಇಂದು ಓದುತ್ತಿರುವ ಧವಲಾ ಎಲ್ಲಿಂದ ಬಂದಿತು?

ಷಟ್ಖಂಡಾಗಮದ ಮೇಲಿನ ಧವಲಾ ಟೀಕೆಯ ಹಳಗನ್ನಡ ಲಿಪಿಯ ತಾಡವೋಲೆಗಳು ಮೂಡುಬಿದಿರೆಯಲ್ಲಿ ಶತಮಾನಗಳ ಕಾಲ ಬೀಗದೊಳಗಿದ್ದವು. ಅವು ದರ್ಶನಕ್ಕಿದ್ದವೇ ಹೊರತು ಅಧ್ಯಯನಕ್ಕಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ, ಸೊಲ್ಲಾಪುರದ ಸೇಠ್ ಹೀರಾಚಂದ ನೇಮಚಂದರ ಪ್ರಯತ್ನದಿಂದ, ಓಲೆಗಳು ಶಿಥಿಲವಾಗುವ ಮುನ್ನ ಪ್ರತಿ ಮಾಡಿಡಲು ಅಲ್ಲಿನವರು ಒಪ್ಪಿದರು. ಪ್ರತಿ ಮಾತ್ರ ಊರಿನಿಂದ ಹೊರಹೋಗಬಾರದು. ಕೆಲಸಕ್ಕೆ ಬಂದ ವಿದ್ವಾಂಸರಲ್ಲಿ ಒಬ್ಬರಾದ ಗಜಪತಿ ಶಾಸ್ತ್ರಿಗಳು ಹಗಲು ಒಪ್ಪಿದ ಪ್ರತಿಯನ್ನು ಬರೆಯುತ್ತ, ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿಯನ್ನು ಗುಟ್ಟಾಗಿ ಸಿದ್ಧಪಡಿಸಿದರು. ಅದನ್ನು ಒಯ್ದು ಮೊದಲು ಕೊಡಹೋದದ್ದು ಸೊಲ್ಲಾಪುರದ ಆ ಸೇಠರಿಗೇ. ಅವರು ತೆಗೆದುಕೊಳ್ಳಲಿಲ್ಲ. ಧವಲಾದ ಸಂಪಾದಕ ಹೀರಾಲಾಲ್ ಜೈನರು ಈ ಇತಿಹಾಸವನ್ನು ಬರೆಯುತ್ತ, ಮೂಡುಬಿದಿರೆಯವರಿಗೆ ಕೊಟ್ಟ ಮಾತೇ ಅದಕ್ಕೆ ಕಾರಣವಾಗಿರಬೇಕು ಎಂಬ ಅಭಿಪ್ರಾಯಕ್ಕೆ ಬರುತ್ತಾರೆ. ಕೊನೆಗೆ ಆ ಪ್ರತಿ ಸಹಾರನ್‌ಪುರದ ಲಾಲಾ ಜಂಬೂಪ್ರಸಾದರ ಕೈಸೇರಿತು. ಅಲ್ಲಿ ಅದನ್ನು ನಾಗರಿಗೆ ಇಳಿಸಿದ ಪಂಡಿತರೊಬ್ಬರು ತಮಗಾಗಿಯೂ ಒಂದನ್ನು ಉಳಿಸಿಕೊಂಡರು; ಗುಟ್ಟಿನ ನಕಲಿಗೂ ಗುಟ್ಟಿನ ನಕಲು. ಅಲ್ಲಿಂದ ಮುಂದೆ ಪ್ರತಿಗಳು ಹರಡಿದವು. 1939ರಲ್ಲಿ ಧವಲಾದ ಮೊದಲ ಸಂಪುಟ ಅಚ್ಚಾದುದರ ಹಿಂದೆ ಈ ನಂಬಿಕೆಗೇಡಿನ ಸರಪಳಿಯಿದೆ.

ಈ ಕಥೆಯನ್ನು ಎಷ್ಟು ಸಲ ಓದಿದರೂ ಗಜಪತಿ ಶಾಸ್ತ್ರಿಗಳನ್ನು ಖಂಡಿಸಲು ನನ್ನಿಂದಾಗದು. ಅವರಿಲ್ಲದಿದ್ದರೆ ನನ್ನಂಥವರ ಕೈಗೆ ಆ ಗ್ರಂಥ ಬರುವುದು ಇನ್ನೂ ಎಷ್ಟು ತಡವಾಗುತ್ತಿತ್ತೋ. ಆದರೂ ನನ್ನ ಗೌರವ ಹೆಚ್ಚು ಸಲ್ಲುವುದು ಸೊಲ್ಲಾಪುರದ ಸೇಠರಿಗೆ. ಆ ಗ್ರಂಥ ಬೆಳಕಿಗೆ ಬರಲೆಂದು ವರ್ಷಗಟ್ಟಲೆ ಓಡಾಡಿದ ಮನುಷ್ಯ, ಅದು ಮನೆಬಾಗಿಲಿಗೆ ಬಂದಾಗ ಕೈ ಹಿಂದೆಗೆದ. ಈ ಎರಡು ಭಾವಗಳನ್ನು ಒಂದಾಗಿಸಲು ನನಗೆ ಸಾಧ್ಯವಾಗಿಲ್ಲ, ಆಗಬೇಕೆಂಬ ಆತುರವೂ ಇಲ್ಲ. ಒಂದು ಭೇದವನ್ನಂತೂ ಗುರುತಿಸಬಹುದು. ಧವಲಾ ಓದುವವರಿಗಾಗಿ ಬರೆದ ಶಾಸ್ತ್ರ. ವೀರಸೇನಾಚಾರ್ಯರು ಅದನ್ನು ಯಾರ ಕಿವಿಗೂ ಬೇಡವೆಂದು ಹೇಳಿ ಬರೆದವರಲ್ಲ. ಬೀಗ ಹಾಕಿದವರು ಬರೆದವರಲ್ಲ, ಕಾಯುತ್ತಿದ್ದವರು. ಜೆಪ್ಪುವಿನ ವೃದ್ಧೆಯ ಮಾತಿಗೆ ಬೀಗ ಹಾಕಿದವರು ಸ್ವತಃ ಅವರೇ. ಇನ್ನೂ ಒಂದಿದೆ. ಗಜಪತಿ ಶಾಸ್ತ್ರಿಗಳಿಗೆ ತಾನು ಮಾಡುತ್ತಿರುವುದು ಏನೆಂದು ಗೊತ್ತಿತ್ತು. ಒಂದೊಂದು ಅಕ್ಷರವನ್ನೂ ಕಣ್ಣೆದುರು ಬರೆದರು. ನನ್ನ ಫೋನು ನಕಲು ಮಾಡುವಾಗ ನಾನು ನಿದ್ರಿಸುತ್ತಿದ್ದೆ.

ಕಾನೂನಿನ ಮಾತು ಸ್ವಲ್ಪ. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಖಾಸಗಿತನವು ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿದ್ದು 24 ಆಗಸ್ಟ್ 2017ರಂದು, ಅವರ ಹೆಸರಿನ ಪ್ರಕರಣದಲ್ಲಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ 2023ರಲ್ಲಿ ಬಂದಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ದತ್ತಾಂಶವನ್ನು ಪಡೆಯುವ ಸಂಸ್ಥೆಯನ್ನು ಈ ಕಾಯಿದೆ ಇಂಗ್ಲಿಷಿನಲ್ಲಿ 'ಡೇಟಾ ಫಿಡ್ಯೂಶಿಯರಿ' ಎಂದು ಕರೆಯುತ್ತದೆ. ಕನ್ನಡದಲ್ಲಿ ಹೇಳುವುದಾದರೆ ನ್ಯಾಸಧಾರಿಯೇ. ಒಪ್ಪಿಗೆ ಮುಕ್ತವಾಗಿ, ತಿಳಿದು, ನಿರ್ದಿಷ್ಟ ಉದ್ದೇಶಕ್ಕಾಗಿ ಕೊಟ್ಟದ್ದಾಗಿರಬೇಕು. ಅದನ್ನು ಕೋರುವ ಸೂಚನೆಯನ್ನು ಎಂಟನೆಯ ಅನುಸೂಚಿಯ ಭಾಷೆಗಳಲ್ಲಿಯೂ ಓದುವ ಅವಕಾಶವಿರಬೇಕು. ಕನ್ನಡ ಆ ಪಟ್ಟಿಯಲ್ಲಿದೆ. ತುಳು ಇಲ್ಲ. ಜೆಪ್ಪುವಿನ ವೃದ್ಧೆ ಆ ಘಟನೆಯನ್ನು ಹೇಳಿದ್ದು ತುಳುವಿನಲ್ಲಿ.

ಕನ್ನಡದಲ್ಲಿ ಬರುವ ಸೂಚನೆಗಳೂ ಎಂಥವು? ನನ್ನ ಬ್ಯಾಂಕಿನ ಆ್ಯಪ್ ಒಂದರ ಕನ್ನಡ ಸೂಚನೆಯನ್ನು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಗದ್ಯಭಾಗವೆಂದು ಓದಲು ಕೊಟ್ಟೆ. ಹಳಗನ್ನಡ ಚಂಪುವನ್ನು ಅನ್ವಯಿಸಬಲ್ಲ ಹುಡುಗರು ಎರಡನೆಯ ವಾಕ್ಯದಲ್ಲಿಯೇ ಕರ್ತೃಪದವನ್ನು ಹುಡುಕುತ್ತ ನಿಂತರು. ಯಾರು ತೆಗೆದುಕೊಳ್ಳುತ್ತಾರೆ ಎಂಬುದೇ ಆ ವಾಕ್ಯದಿಂದ ಮಾಯವಾಗಿತ್ತು. ಇದು ಅನುವಾದದ ದೋಷವೋ ಉದ್ದೇಶವೋ ನಾನು ಹೇಳಲಾರೆ. ಕನ್ನಡ ವಿಭಾಗಗಳು ಕೈಗೆತ್ತಿಕೊಳ್ಳಬಹುದಾದ ಕೆಲಸ ಇದಕ್ಕಿಂತ ತುರ್ತಾದುದು ಹೆಚ್ಚಿಲ್ಲವೆಂದು ಮಾತ್ರ ಬಲ್ಲೆ.

ಅದೇ ಕಾಯಿದೆ ಸಂಶೋಧನೆಗೂ ದಾಖಲೆಗಳ ಸಂರಕ್ಷಣೆಗೂ ಷರತ್ತುಬದ್ಧ ವಿನಾಯಿತಿಯನ್ನು ನೀಡಿದೆ. ಈ ಬಗ್ಗೆ ನಮ್ಮವರಲ್ಲಿ ನೆಮ್ಮದಿಯ ನಿಟ್ಟುಸಿರು ಕೇಳಿಸುತ್ತಿದೆ. ನನಗೆ ಅದು ನೆಮ್ಮದಿ ಕೊಡುವುದಿಲ್ಲ. ಕಂಪನಿಗಳ ಅದತ್ತಾದಾನವನ್ನು ಕುರಿತು ವಿಚಾರಸಂಕಿರಣ ಮಾಡುವ ನಾವು, ಕ್ಷೇತ್ರಕಾರ್ಯದಲ್ಲಿ ಮುದ್ರಿಸಿದ ಮಾತುಗಳನ್ನು ಯಾರ ಒಪ್ಪಿಗೆಯಿಂದ ಪ್ರಬಂಧದ ಅನುಬಂಧದಲ್ಲಿ ಸೇರಿಸುತ್ತೇವೆ? ವಕ್ತೃವಿನ ಹೆಸರು, ವಯಸ್ಸು, ಜಾತಿ, ಊರು ಎಂದು ಕೋಷ್ಟಕ ಹಾಕಿ, ಅದು ಶಾಸ್ತ್ರೀಯತೆಯ ಗುರುತೆಂದು ನಾನೂ ಇಪ್ಪತ್ತೈದು ವರ್ಷ ನಂಬಿದ್ದೆ, ಶಿಷ್ಯರಿಂದಲೂ ಹಾಕಿಸಿದೆ. ಅವರಲ್ಲಿ ಒಬ್ಬರನ್ನಾದರೂ 'ಇದು ಅಚ್ಚಾಗಿ ಗ್ರಂಥಾಲಯಕ್ಕೆ ಹೋಗುತ್ತದೆ, ನಾಳೆ ಯಾರು ಬೇಕಾದರೂ ಓದುತ್ತಾರೆ, ಆಗಬಹುದೇ?' ಎಂದು ಕೇಳಿದ ನೆನಪಿಲ್ಲ. ಈಗ ಅಂಥ ಪ್ರಬಂಧಗಳು ಅಂತರಜಾಲಕ್ಕೂ ಏರುತ್ತಿವೆ.

ಆ ಮುದ್ರಿಕೆಯನ್ನು ಟ್ಯಾಬಿನಿಂದ, ಫೋನಿನಿಂದ, ಖಾತೆಯಿಂದ ಅಳಿಸಿದೆ. ತಾನಾಗಿಯೇ ನಕಲಾಗುವ ವ್ಯವಸ್ಥೆಯನ್ನು ನಿಲ್ಲಿಸಿದೆ. ಆ ಗುಂಡಿಯನ್ನು ಹುಡುಕುವುದಕ್ಕೆ ಅಳಿಯನ ನೆರವಿದ್ದೂ ಒಂದು ಸಂಜೆ ಹಿಡಿಯಿತು, ಒಪ್ಪಿಗೆ ಕೊಡಲು ಒಂದು ಕ್ಷಣವೂ ಹಿಡಿದಿರಲಿಲ್ಲ. ಕ್ಷೇತ್ರಕಾರ್ಯಕ್ಕೆಂದು ಅಂತರಜಾಲದ ಸಂಪರ್ಕವಿಲ್ಲದ ಸಣ್ಣ ಧ್ವನಿಮುದ್ರಕವೊಂದನ್ನು ಕೊಂಡೆ. ಬಳಿಕ ಒಂದು ಭಾನುವಾರ ವೃದ್ಧೆಯಲ್ಲಿಗೆ ಹೋಗಿ ನಡೆದುದನ್ನು ನಡೆದಂತೆ ಹೇಳಿದೆ. ಹೇಳದಿದ್ದರೂ ಅವರಿಗೆ ತಿಳಿಯುತ್ತಿರಲಿಲ್ಲ.

"ಈಗ ಎಲ್ಲ ಅಳಿಸಿತಾ?" ಎಂದು ಕೇಳಿದರು.

"ನನಗೆ ಕಾಣುವಲ್ಲಿ ಎಲ್ಲ ಅಳಿಸಿದ್ದೇನೆ ಅಮ್ಮ. ಕಾಣದಲ್ಲಿ ಉಳಿದಿದೆಯೋ ಇಲ್ಲವೋ ಹೇಳಲು ಬರುವುದಿಲ್ಲ."

ಅವರು ತುಸು ಹೊತ್ತು ಸುಮ್ಮನಿದ್ದು, "ಆ ಹುಡುಗ ಕೇಳಿ ಏನು ಹೇಳಿದ?" ಎಂದರು. ಏನೂ ಹೇಳಲಿಲ್ಲವೆಂದೆ. ಹೊಸ ಧ್ವನಿಮುದ್ರಕವನ್ನು ಜೇಬಿನಿಂದ ತೆಗೆದು, ಇದರಿಂದ ಎಲ್ಲಿಗೂ ಹೋಗುವುದಿಲ್ಲ ಎಂದು ವಿವರಿಸತೊಡಗಿದೆ. ಅವರು ಅದನ್ನು ಕೈಯಲ್ಲಿ ತೆಗೆದುಕೊಂಡು, ತಿರುಗಿಸಿ ನೋಡಿ, ನನಗೇ ಹಿಂದಕ್ಕೆ ಕೊಟ್ಟರು. "ಅದು ಬೇಡ ಮಾಷ್ಟ್ರೆ. ಬರೆದುಕೊಳ್ಳಿ" ಎಂದರು.

ಈಗ ನೋಟುಪುಸ್ತಕ ಒಯ್ಯುತ್ತೇನೆ. ಕೆಲಸದ ಶಬ್ದಗಳನ್ನು ಎಂದಿನಂತೆ ಹೇಳುತ್ತಾರೆ, ನಾನು ಬರೆಯುವಷ್ಟು ನಿಧಾನವಾಗಿ. ಬೇರೆ ಮಾತು ಬಂದಾಗ, ನಾನು ಪೆನ್ನಿನ ಮುಚ್ಚಳ ಹಾಕುವವರೆಗೂ ಕಾಯುತ್ತಾರೆ.